ಸಕುಟುಂಬ ಸೈಕಲ್ ಸವಾರಿ

ಎಣ್ಣೂರಿನಲ್ಲಿ ಇರುವವರು ವಿಹಾರಕ್ಕೆಂದು ಬೇರೆ ಊರನ್ನು ಹುಡುಕುತ್ತಾರೆಂದರೆ ಹಳೆಯ ಕಾಲದವರು ನಕ್ಕಾರು. ಕಂಪೆನಿ ಸರಕಾರದ ದಿನಗಳಲ್ಲಿ ಮದರಾಸಿನ ದೊರೆಗಳು ಹವಾಸೇವನೆಗೆ ಬರುತ್ತಿದ್ದುದು ಇಲ್ಲಿಗೇ. 1806ರಲ್ಲಿ ಮದರಾಸಿನಿಂದ ಇಲ್ಲಿಯವರೆಗೆ ಒಂದು ಕಾಲುವೆಯನ್ನೂ ತೋಡಿಸಿದರು. 1878ರಲ್ಲಿ ಅದಕ್ಕೆ ಬಕಿಂಗ್‌ಹ್ಯಾಂ ಕಾಲುವೆಯೆಂದು ನಾಮಕರಣವಾಯಿತು. ಕಾಲುವೆ ಇನ್ನೂ ಇದೆ. ಹವೆಯ ಮಾತನ್ನು ಮಾತ್ರ ವಾಚಕರು ಕೇಳಬಾರದು.

ಈ ಸಂಕ್ರಾಂತಿಯ ಮಾರನೆಯ ವಾರ ನಾವು ಸಕುಟುಂಬವಾಗಿ ಸೈಕಲ್ಲೇರಿ ಹೊರಟು, ಒಂದು ರಾತ್ರಿ ಹೊರಗೆ ತಂಗಿ ಬರುವುದೆಂದು ನಿಶ್ಚಯಿಸಿದ್ದೇವೆ. ನಾವು ಎಂದರೆ ನಾವು, ನಮ್ಮ ಮನೆಯವರು, ಏಳನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ. ಒಂದು ದಿನದ ಸಾಂದರ್ಭಿಕ ರಜೆಗೆ ಅರ್ಜಿ ಕೊಟ್ಟಾಗ ನಮ್ಮ ಮೇಲಧಿಕಾರಿಗಳು ಕಾರಣವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಪೆಟ್ರೋಲಿಗೆ ಅಷ್ಟು ತೊಂದರೆಯೇ?" ಎಂದು ಕೇಳಿದರು. ರಜೆಯನ್ನೇನೋ ಮಂಜೂರು ಮಾಡಿದರು.

ಸೈಕಲ್ಲಿನ ಹುಚ್ಚು ನಮಗೆ ಪಿತ್ರಾರ್ಜಿತ. ತಿಪಟೂರಿನಲ್ಲಿ ನಮ್ಮ ತಂದೆಯವರು ಮುಂದಿನ ಕಂಬಿಗೆ ಟವೆಲು ಸುತ್ತಿ ನಮ್ಮನ್ನು ಕೂರಿಸಿಕೊಂಡು ತೋಟಕ್ಕೂ ಜಾತ್ರೆಗೂ ಒಯ್ಯುತ್ತಿದ್ದ ಹರ್ಕ್ಯುಲಿಸ್ ಸೈಕಲ್ಲು ಈ ಮದರಾಸಿನದೇ. 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಕಂಪೆನಿಯವರು ಮಾಡಿದ್ದು. ಅದು ಇಲ್ಲಿಂದ ಅಲ್ಲಿಗೆ ಹೋಯಿತು. ನಾವು ಅಲ್ಲಿಂದ ಇಲ್ಲಿಗೆ ಬಂದೆವು.

ಈಗಿನ ನಮ್ಮ ವಾಹನ ಸಂಪತ್ತು ಹೀಗಿದೆ. ನಮ್ಮದೊಂದು ಹಳೆಯ ಕಪ್ಪು ಸೈಕಲ್ಲು. ಮಕ್ಕಳಿಗೆ ಒಂದೊಂದು. ಮನೆಯವರಿಗೆ ಮಹಡಿಯ ಮನೆಯ ಹುಡುಗಿಯ ಸೈಕಲ್ಲು; ಹನ್ನೊಂದನೆಯ ತರಗತಿಯ ಮಕ್ಕಳಿಗೆ ತಮಿಳುನಾಡು ಸರಕಾರ ಉಚಿತವಾಗಿ ಕೊಡುವ ಸೈಕಲ್ಲದು. ನಮ್ಮ ಸೀಮೆಯಲ್ಲಿ 2006-07ರಿಂದ ಎಂಟನೆಯ ತರಗತಿಯವರಿಗೆ ಕೊಟ್ಟರಲ್ಲ, ಆ ಬಗೆಯದು. ಗೇರು ಗೀರು ಏನೂ ಇಲ್ಲ, ಆದರೆ ಭಾರ ಹೊರಲು ಗಟ್ಟಿ. ಸಮುದ್ರದ ಉಪ್ಪುಗಾಳಿಗೆ ನಾಲ್ಕರ ಚೈನೂ ತುಕ್ಕು ಹಿಡಿದಿದ್ದವು. ಪಂಕ್ಚರ್ ಅಂಗಡಿಯವನು ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು, ಬ್ರೇಕಿನ ರಬ್ಬರು ಬದಲಿಸಿ, ಟ್ಯೂಬುಗಳನ್ನು ಒಂದೊಂದಾಗಿ ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿದ. ಮಗ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತು, ಗುಳ್ಳೆ ಕಂಡಾಗಲೆಲ್ಲ "ಸೋರ್ತಿದೆ, ಸೋರ್ತಿದೆ" ಎಂದು ಕೂಗುತ್ತಿದ್ದ.

ಸೋರುವುದು ಎಂಬ ಮಾತು ಅವನಿಗೆ ಚೆನ್ನಾಗಿ ಗೊತ್ತು. 2023ರ ಡಿಸೆಂಬರ್ 26ರ ನಡುರಾತ್ರಿಯ ಹೊತ್ತಿಗೆ ಇಲ್ಲಿ ಸಮುದ್ರದೊಳಗಿನ ಕೊಳವೆಯೊಂದರಿಂದ ಅಮೋನಿಯಾ ಅನಿಲ ಸೋರಿತು. ಮೀನುಗಾರರ ಕುಪ್ಪಗಳ ಜನ ಮಲಗಿದ್ದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಗೆ ಬಂದರು. ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಯಾರೋ ನಮ್ಮ ಬಾಗಿಲನ್ನೂ ಬಡಿದರು. ಕಣ್ಣು ಉರಿ, ಗಂಟಲು ಉರಿ. ಒದ್ದೆ ಬಟ್ಟೆಯನ್ನು ಮಕ್ಕಳ ಮುಖಕ್ಕೆ ಹಿಡಿದು, ಅಮ್ಮನ ಕೈ ಹಿಡಿದು, ದಕ್ಷಿಣದ ಕಡೆಗೆ ನಡೆದೆವು. ಮಗನಿಗೆ ಆಗ ಆರು ವರ್ಷ. ಆ ತಿಂಗಳ ಮೊದಲಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹ, ಅದರ ಜತೆಗೆ ಅಳಿವೆಯ ತುಂಬ ಎಣ್ಣೆ. ಅದಾಗಿ ಮೂರು ವಾರಕ್ಕೆ ಇದು. ಅಂದಿನಿಂದ ಹುಡುಗ ಚಪ್ಪಲಿಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾನೆ. ಗದರಿಸಿ ನೋಡಿದೆವು, ಮುದ್ದಿಸಿ ನೋಡಿದೆವು. ಚಪ್ಪಲಿ ಕದಲಲಿಲ್ಲ.

"ಇವನು ರಾತ್ರಿ ಮನೆ ಬಿಟ್ಟು ಹೊರಗಿದ್ದದ್ದು ಆ ಒಂದು ಸಲ ಮಾತ್ರ ಕಣ್ರೀ. ಇನ್ನೊಂದು ಸಲ ನಗುನಗುತ್ತಾ ಹೊರಗಿದ್ದು ಬರಲಿ" ಎಂದವರು ಮನೆಯವರು. ಯೋಜನೆ ಹುಟ್ಟಿದ್ದು ಅಲ್ಲಿಂದ. ಬಿ.ಎ. ಮಾಡಿದ ನಮಗೆ ಹೊಳೆಯದ ಔಷಧ.

ಹೋಗುವುದೆಲ್ಲಿಗೆ? ದಕ್ಷಿಣಕ್ಕೆ ಹೋದರೆ ಪಟ್ಟಣ, ಪೂರ್ವಕ್ಕೆ ಸಮುದ್ರ. ಉತ್ತರವೇ ಉಳಿಯಿತು. ಕೊಸಸ್ತಲೈ ನದಿ ಕಡಲು ಸೇರುವಲ್ಲಿನ ಸೇತುವೆ ದಾಟಿ, ಅತ್ತಿಪಟ್ಟು, ಮೀಂಜೂರು, ಪೊನ್ನೇರಿ. ಪೊನ್ನೇರಿಯವರೆಗೆ ಸುಮಾರು ಇಪ್ಪತ್ತು ಕಿಲೋಮೀಟರು. ಈ ದಾರಿಯ ದೊಡ್ಡ ಗುಣವೆಂದರೆ ಗುಮ್ಮಿಡಿಪೂಂಡಿಯ ಲೋಕಲ್ ರೈಲು ಇದಕ್ಕೆ ಸಮೀಪದಲ್ಲೇ ಓಡುತ್ತದೆ. ಅತ್ತಿಪಟ್ಟು, ನಂದಿಯಂಬಾಕ್ಕಂ, ಮೀಂಜೂರು, ಅನುಪ್ಪಂಪಟ್ಟು ಎಂದು ಹೆಜ್ಜೆಗೊಂದು ಸ್ಟೇಷನ್ನು. ಮಕ್ಕಳು ದಣಿದರೆ ತಾಯಿಯೊಡನೆ ರೈಲು ಹತ್ತಿಸಿಬಿಡಬಹುದು. ಇಂಥ ಊರುಗೋಲಿಲ್ಲದ ದಾರಿಯನ್ನು ಸಂಸಾರವಂದಿಗರು ಆರಿಸಬಾರದೆಂದು ನಮ್ಮ ಅಭಿಪ್ರಾಯ.

ದೊಡ್ಡ ದೋಷ ಮೊದಲ ಅರ್ಧದಲ್ಲಿದೆ. ಬಂದರಿಗೂ ವಿದ್ಯುತ್ ಸ್ಥಾವರಕ್ಕೂ ಹೋಗುವ ಲಾರಿಗಳ ಹಾದಿ ಅದು. ಒಂದು ಭಾನುವಾರ ಬೆಳಗಿನ ಜಾವ, ಇನ್ನೊಂದು ವಾರದ ದಿನ, ಚಹದ ಅಂಗಡಿಯ ಮುಂದೆ ಒಂದೊಂದು ಗಂಟೆ ನಿಂತು ನೋಡಿದೆವು. ಕಂಟೇನರ್ ಲಾರಿ ಪಕ್ಕದಲ್ಲಿ ಹಾದಾಗ ದೊಡ್ಡವರ ಸೈಕಲ್ಲೇ ಒಳಕ್ಕೆ ಸೆಳೆದಂತಾಗುತ್ತದೆ. ಎಂಟು ವರ್ಷದ ಹುಡುಗನನ್ನು ಅಲ್ಲಿ ಬಿಡುವ ಮಾತೇ ಇಲ್ಲ. ಆದ್ದರಿಂದ ಸೈಕಲ್ಲುಗಳನ್ನು ಮುಂಚಿತವಾಗಿ ಸಣ್ಣ ಸಾಮಾನು ಗಾಡಿಯಲ್ಲಿ ಮೀಂಜೂರಿಗೆ ಸಾಗಿಸುವುದು, ನಾವು ರೈಲಿನಲ್ಲಿ ಹೋಗಿ ಅಲ್ಲಿಂದ ಸವಾರಿ ಹೊರಡುವುದು ಎಂದು ಗೊತ್ತುಮಾಡಿದೆವು. ಆ ಗಾಡಿಗೆ ಇಲ್ಲಿನವರು 'ಕುಟ್ಟಿ ಯಾನೈ' ಎನ್ನುತ್ತಾರೆ, ಮರಿಯಾನೆ.

"ಸೈಕಲ್ ಪ್ರಯಾಣ ಅಂತ ಹೇಳಿ ಸೈಕಲ್ಲನ್ನೇ ಆನೆ ಮೇಲೆ ಕಳಿಸ್ತೀರಲ್ಲಪ್ಪ! ಸ್ಕೂಲಲ್ಲಿ ಏನಂತ ಹೇಳ್ಲಿ?" ಎಂದು ಮಗಳು ಎರಡು ದಿನ ಮಾತು ಬಿಟ್ಟಳು. ಮೀಂಜೂರಿನಿಂದ ಪೊನ್ನೇರಿಗೆ ಹತ್ತು ಕಿಲೋಮೀಟರೂ ತನ್ನ ಸೈಕಲ್ಲೇ ಮುಂದಿರತಕ್ಕದ್ದು ಎಂಬ ಷರತ್ತಿನ ಮೇಲೆ ರಾಜಿಯಾಯಿತು. ಮಧ್ಯದಲ್ಲಿ ತಮ್ಮ, ಅವನ ಹಿಂದೆ ತಾಯಿ, ಕಟ್ಟಕಡೆಗೆ ಕೆಂಪು ದೀಪ ಕಟ್ಟಿಕೊಂಡು ನಾವು.

ರಾತ್ರಿವಾಸ ಪೊನ್ನೇರಿಯಲ್ಲಿ, ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ತಂದೆತಾಯಿಗಳ ಮನೆಯ ಮಾಳಿಗೆಯ ಮೇಲೆ. ಆರಣಿ ನದಿಯ ದಂಡೆಯ ಊರು. ನಮ್ಮ ತುಂಗಭದ್ರೆಯ ಹರಿಹರದಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿದ್ದರೆ, ಪೊನ್ನೇರಿಯಲ್ಲಿ ಅವರವರ ಗುಡಿಯಿಂದ ಹೊರಟು ಚಿತ್ತಿರೈ ಉತ್ಸವದಲ್ಲಿ ಪರಸ್ಪರ ಭೇಟಿಯಾಗುತ್ತಾರೆ. ಇದನ್ನು ಕೇಳಿದ ಮೇಲೆ ನಮ್ಮ ಅಮ್ಮನವರ ವಿರೋಧ ಅರ್ಧ ಇಳಿಯಿತು. ಮಿಕ್ಕರ್ಧ ಇಳಿದದ್ದು ಅಡಿಗೆಯ ಅಧಿಕಾರ ಅವರ ಕೈಗೆ ಕೊಟ್ಟ ಮೇಲೆ. ಪುಳಿಯೋಗರೆ, ಕೋಡುಬಳೆ, ಚಟ್ನಿಪುಡಿಯ ಡಬ್ಬಗಳೊಡನೆ ಅವರು ನೇರ ಪೊನ್ನೇರಿಗೇ ರೈಲಿನಲ್ಲಿ ಬರುತ್ತಾರೆ. ನಮ್ಮ ಕ್ಯಾರಿಯರುಗಳು ಹಗುರವಾದವು.

ಮರುದಿನ ಅಲ್ಲಿಂದ ಬಸ್ಸಿನಲ್ಲಿ ಪಳವೇರ್ಕಾಡು. ಪುಲಿಕಾಟ್ ಸರೋವರದಲ್ಲಿ ಚಳಿಗಾಲಕ್ಕೆ ರಾಜಹಂಸಗಳು ಇಳಿಯುತ್ತವೆ. 1613ರಲ್ಲಿ ಡಚ್ಚರು ಕಟ್ಟಿಸಿದ ಕೋಟೆಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ. ಅವರ ಗೋರಿಗಳು ಮಾತ್ರ ಚೆನ್ನಾಗಿವೆ. ಬಾಗಿಲಲ್ಲೇ ಕಲ್ಲಿನ ಅಸ್ಥಿಪಂಜರಗಳು ನಿಂತಿವೆಯೆಂದು ಹೇಳಿದ ಮೇಲೆ ಮಕ್ಕಳಿಗೆ ಹಂಸಗಳ ಮೇಲಿನ ಆಸಕ್ತಿ ಕಡಮೆಯಾಗಿದೆ.

ಸಾಮಾನಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇವೆ: ಪಂಪು, ಸ್ಪ್ಯಾನರು, ಟಾರ್ಚು, ಜಮಖಾನ, ಸೊಳ್ಳೆಬತ್ತಿ. ನಿನ್ನೆ ಸಂಜೆ ಕಚೇರಿಯಿಂದ ಬಂದು ನೋಡಿದರೆ ಕೆಳಗೆ ಮಗನ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: "ಒದ್ದೆ ಬಟ್ಟೆ." ಅಳಿಸಿಬಿಡೋಣವೆಂದು ಪೆನ್ನು ತೆಗೆದೆವು. ಮನೆಯವರು ತಡೆದರು. "ಇರಲಿ ಬಿಡಿ, ಹತ್ತು ಕಿಲೋಮೀಟರು ತುಳಿದರೆ ಮುಖ ಒರೆಸಿಕೊಳ್ಳೋಕೆ ಬೇಕಾಗುತ್ತೆ" ಎಂದು, ಪಕ್ಕದಲ್ಲಿ ತಾವೇ "ನಾಲ್ಕು" ಎಂದು ಬರೆದರು.