ಈಸೂರಿಗೆ ಬಂದ ಅಮಲ್ದಾರರು

ಹಾಸ್ಟೆಲ್‌ನಲ್ಲಿ ಯಾರಾದರೂ ನಮ್ಮ ಊರು ಕೇಳಿದರೆ ಮುಂದಿನ ಮಾತು ಏನು ಬರುತ್ತದೆ ಅಂತ ನಮಗೆ ಮೊದಲೇ ಗೊತ್ತು. ಶಿಕಾರಿಪುರ ಅಂದರೆ "ಓ, ಯಡಿಯೂರಪ್ಪನವರ ಊರಾ?", ಸೊರಬ ಅಂದರೆ "ಬಂಗಾರಪ್ಪನವರ ಕಡೆಯವರಾ?" ಈ ಎರಡು ತಾಲೂಕಿನಿಂದ ಬಂದ ನಾವು ನಾಲ್ಕೈದು ಜನ ಹೂಂ ಅಂದು ಸುಮ್ಮನಾಗುತ್ತೇವೆ. ಮುಖ್ಯಮಂತ್ರಿಗಳನ್ನು ಕೊಟ್ಟ ತಾಲೂಕುಗಳು, ಸುಳ್ಳೇನಲ್ಲ. ಆದರೆ ಆಗಸ್ಟ್ ತಿಂಗಳು ಬಂತೆಂದರೆ ನಮಗೆ ಹೇಳಬೇಕು ಅನ್ನಿಸುವುದು ಬೇರೆಯೇ ಒಂದು ಊರಿನ ಹೆಸರು. ಶಿಕಾರಿಪುರ ತಾಲೂಕಿನ ಈಸೂರು.

ಆಗಸ್ಟ್‌ನಲ್ಲಿ ಕ್ಲಾಸ್ ಗ್ರೂಪಿಗೆ ಎರಡು ಬಗೆಯ ಮೆಸೇಜ್ ಬರುತ್ತವೆ. ಒಂದು, "ಅಷ್ಟು ದೂರದಿಂದ ಬಂದ ಸ್ವಲ್ಪ ಜನಕ್ಕೆ ಇಷ್ಟು ದೊಡ್ಡ ದೇಶ ಗುಲಾಮ ಆಯ್ತಲ್ಲ, ನಾಚಿಕೆ ಆಗಬೇಕು" ಅನ್ನೋದು. ಇನ್ನೊಂದು, "ರೈಲು, ಇಂಗ್ಲಿಷು ಎಲ್ಲ ಕೊಟ್ಟಿದ್ದು ಅವರೇ ಅಲ್ವಾ" ಅನ್ನೋದು. ರಾತ್ರಿ ಎರಡರವರೆಗೂ ಜಗಳ ನಡೆಯುತ್ತದೆ. ಎರಡೂ ಕಡೆಯವರು ಒಪ್ಪಿಕೊಂಡಿರುವ ವಿಷಯ ಒಂದೇ: ಆ ಕಡೆ ಬ್ರಿಟಿಷರು, ಈ ಕಡೆ ನಾವು. ನಮ್ಮ ತಾಲೂಕಿನ ಕಥೆ ಈ ಲೆಕ್ಕಕ್ಕೆ ಕೂರುವುದಿಲ್ಲ.

1942ರ ಆಗಸ್ಟ್‌ನಲ್ಲಿ ಗಾಂಧೀಜಿಯ 'ಭಾರತ ಬಿಟ್ಟು ತೊಲಗಿ' ಕರೆ ಬಂದ ಮೇಲೆ ಈಸೂರಿನ ರೈತರು ಕಂದಾಯ ಕಟ್ಟುವುದಿಲ್ಲ ಅಂದರು. ತಮ್ಮ ಊರು ಸ್ವತಂತ್ರ ಅಂತ ಸಾರಿ, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಘೋಷಣೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸ್ಕೂಲ್ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ, ಚಪ್ಪಾಳೆಯೂ ಇಲ್ಲೇ ಬೀಳುತ್ತದೆ.

ಮುಂದಿನ ಕಥೆ ಕಷ್ಟದ್ದು. ಸೆಪ್ಟೆಂಬರ್ 28ರಂದು ಶಿಕಾರಿಪುರದ ಅಮಲ್ದಾರರು ಪೊಲೀಸರ ಜೊತೆ ಊರಿಗೆ ಬಂದರು. ಮಾತು ಜಗಳಕ್ಕೆ ತಿರುಗಿತು, ಜಗಳ ಹೊಡೆದಾಟಕ್ಕೆ ತಿರುಗಿತು. ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಜನರ ಕೈಯಲ್ಲಿ ಸತ್ತರು. ಆಮೇಲೆ ಪೊಲೀಸು, ಸೈನ್ಯ ಬಂತು. ಮನೆಗಳು ಲೂಟಿಯಾದವು, ಸುಟ್ಟವು, ಜನ ಕಾಡಿಗೆ ಓಡಿದರು. ಹೆಂಗಸರೂ ಜೈಲು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ, ಈ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ಆ ಜೈಲಿನ ಜಾಗವೇ ಇವತ್ತಿನ ಫ್ರೀಡಂ ಪಾರ್ಕ್.

ಈಗ ಹೆಸರುಗಳನ್ನು ಇನ್ನೊಂದು ಸಲ ಓದಿ. ಸತ್ತ ಅಧಿಕಾರಿಗಳು ನಮ್ಮವರೇ. ಗಲ್ಲಿಗೆ ಹೋದವರೂ ನಮ್ಮವರೇ. ಗಲ್ಲಿಗೆ ಹಾಕಿದ ಸರ್ಕಾರವೂ ಲಂಡನ್ನಿನದಲ್ಲ, ಮೈಸೂರಿನದು. ನಾವು ಹೆಮ್ಮೆಯಿಂದ ಮಾದರಿ ಸಂಸ್ಥಾನ ಅಂತೀವಲ್ಲ, ಅದೇ ಮೈಸೂರು.

ಕನ್ನಡದಲ್ಲಿ ಅವಮಾನ, ನಾಚಿಕೆ ಅಂತ ಎರಡು ಪದ ಇವೆ. ಬೇರೆಯವರು ನಮಗೆ ಮಾಡಿದ್ದು ಅವಮಾನ. ನಾವೇ ಮಾಡಿದ್ದಕ್ಕೆ ಆಗುವುದು ನಾಚಿಕೆ. ಗ್ರೂಪಿನ ಜಗಳದಲ್ಲಿ ಈ ಎರಡೂ ಕಲಸಿಹೋಗುತ್ತವೆ. ಪರಕೀಯರು ಆಳಿದ್ದು ನಮಗಾದ ಅವಮಾನ, ಅದಕ್ಕೆ ನಾವು ತಲೆ ತಗ್ಗಿಸಬೇಕಾಗಿಲ್ಲ, ತಲೆ ತಗ್ಗಿಸಬೇಕಾದವರು ಆಳಿದವರು. ಆದರೆ ಆ ಆಳ್ವಿಕೆ ನಡೆದಿದ್ದು ನಮ್ಮವರ ಕಾಗದ, ನಮ್ಮವರ ಸಹಿ, ನಮ್ಮವರ ಲಾಠಿಯಿಂದ. ಅದು ನಾಚಿಕೆಯ ಲೆಕ್ಕ. ಅದನ್ನು ಬ್ರಿಟಿಷರ ಖಾತೆಗೆ ಬರೆಯೋಕೆ ಆಗಲ್ಲ.

ನಮ್ಮ ಸಬ್ಜೆಕ್ಟಿನಲ್ಲೇ ಒಂದು ಉದಾಹರಣೆ ಇದೆ. ಶಿವನಸಮುದ್ರದ ಜಲವಿದ್ಯುತ್ ಯೋಜನೆ ಬಗ್ಗೆ ಎಲ್ಲರಿಗೂ ಹೆಮ್ಮೆ, ಇರಲೇಬೇಕು. ಆದರೆ 1902ರಲ್ಲಿ ಅಲ್ಲಿಂದ ಹೊರಟ ಕರೆಂಟು, ಸುಮಾರು 147 ಕಿಲೋಮೀಟರ್ ಲೈನ್ ದಾಟಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೈಸೂರು ಪ್ರತಿವರ್ಷ ಬ್ರಿಟಿಷರಿಗೆ ಕಪ್ಪವನ್ನೂ ಕಟ್ಟುತ್ತಿತ್ತು, 1896ರಿಂದ ಅದು ವರ್ಷಕ್ಕೆ 35 ಲಕ್ಷ ರೂಪಾಯಿ. ಕಂದಾಯ ಕಟ್ಟಲ್ಲ ಅಂದ ಈಸೂರಿನವರ ಸಿಟ್ಟನ್ನು ಈ ಅಂಕಿಯ ಪಕ್ಕ ಇಟ್ಟು ನೋಡಬೇಕು. ಲೈನ್ ಎಳೆದ ಎಂಜಿನಿಯರಿಂಗ್ ದೊಡ್ಡದು, ಅದು ಯಾರಿಗಾಗಿ ಮೊದಲು ಉರಿಯಿತು ಅನ್ನುವ ಪ್ರಶ್ನೆಯೂ ಅಷ್ಟೇ ದೊಡ್ಡದು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅರ್ಧ ಉತ್ತರ, ಅರ್ಧ ಮಾರ್ಕ್ಸು.

ಸೊರಬದ ಕಡೆ ಬಂದರೆ ಕಾನುಗಳ ಕಥೆ. ಕಾನು ಅಂದರೆ ನಮ್ಮ ಹಳ್ಳಿಗಳವರು ತಲೆಮಾರುಗಳಿಂದ ಕಡಿಯದೆ ಉಳಿಸಿಕೊಂಡ ದಟ್ಟ ಕಾಡು. ಅಲ್ಲಿ ದೇವರಿರುತ್ತೆ, ಮೆಣಸಿನ ಬಳ್ಳಿ ಇರುತ್ತೆ, ಬೇಸಿಗೆಯಲ್ಲೂ ನೀರಿರುತ್ತೆ. 1868ರಲ್ಲಿ, ಮೈಸೂರು ಬ್ರಿಟಿಷ್ ಕಮಿಷನರ್ ಕೈಯಲ್ಲಿದ್ದಾಗ, ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ಒಂದೇ ತಾಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿ ವರದಿ ಬರೆದರು. ಹಳ್ಳಿಯ ಕಾಡು ನಿಧಾನಕ್ಕೆ ಇಲಾಖೆಯ ಕಾಡಾಯಿತು. ಸರಿ, ಅದು ಅವಮಾನದ ಖಾತೆ. ಆದರೆ 1947 ಆದಮೇಲೆ? ನಮ್ಮ ಕಡೆ ಕಾಡು ಇದ್ದ ಜಾಗದಲ್ಲಿ ಸಾಲುಸಾಲು ಅಕೇಶಿಯಾ, ನೀಲಗಿರಿ ನಿಂತಿದೆ. ಅದನ್ನು ನೆಟ್ಟವರು ಬ್ರಾಂಡಿಸ್ ಸಾಹೇಬರಲ್ಲ.

ನಾವು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು. ನಾವು ಓದಿದ ಒಂದು ಸ್ಕೂಲಿನಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ ಇತ್ತು. ದಂಡ ಹಾಕಿದ ಮಿಸ್ ಕೂಡ ಮನೆಯಲ್ಲಿ ಕನ್ನಡವೇ ಮಾತಾಡುವವರು, ಪಾಪ, ಅವರಿಗೆ ಮೇಲಿಂದ ಆರ್ಡರ್. ಇದನ್ನು ಈಸೂರಿಗೆ ಹೋಲಿಸುತ್ತಿಲ್ಲ, ಅಲ್ಲಿ ಪ್ರಾಣ ಹೋಗಿತ್ತು, ಇಲ್ಲಿ ಹೋಗಿದ್ದು ಐಸ್‌ಕ್ಯಾಂಡಿಯ ದುಡ್ಡು. ಆದರೆ "ನಂದೇನಿದೆ, ಮೇಲಿಂದ ಆರ್ಡರ್" ಅನ್ನುವ ಮಾತು ಎಷ್ಟು ಗಟ್ಟಿಮುಟ್ಟಾಗಿದೆ ನೋಡಿ. ಆಳಿದವರು ಹೋದರೂ ಅದು ಉಳಿದುಕೊಂಡಿದೆ.

ಅಮಲ್ದಾರರನ್ನು ಖಳನಾಯಕ ಮಾಡೋದು ಸುಲಭ. ನಮಗೆ ಅದು ಆಗುತ್ತಿಲ್ಲ. ಅವರೂ ಸಂಬಳಕ್ಕೆ ದುಡಿಯುತ್ತಿದ್ದವರು, ಹೇಳಿದ ಕೆಲಸಕ್ಕೆ ಬಂದು ಹೆಣವಾದವರು. ಊರಿನವರನ್ನು ಹುತಾತ್ಮರು ಅಂತ ಗೌರವಿಸುವಾಗಲೂ ಈ ಎರಡು ಸಾವುಗಳನ್ನು ಕಥೆಯಿಂದ ಅಳಿಸಬೇಕಾಗಿಲ್ಲ. ಪೂರ್ತಿ ಹೇಳಿದರೆ ಈಸೂರು ಚಿಕ್ಕದಾಗಲ್ಲ. ಕಬ್ಬನ್ ಪಾರ್ಕಿಗೋ ಮೆಜೆಸ್ಟಿಕ್ಕಿಗೋ ಹೋಗುವವರು ಒಂದು ಸಲ ಫ್ರೀಡಂ ಪಾರ್ಕಿಗೂ ಹೋಗಿ ಬನ್ನಿ, ಈ ಐದು ಹೆಸರು ನೆನಪಿಟ್ಟುಕೊಂಡು.

ಇನ್ನೊಂದು ವಿಷಯ. ಅಂದಿನ ಅಮಲ್ದಾರ ಅಂದರೆ ಇವತ್ತಿನ ತಹಶೀಲ್ದಾರ್. ನಮ್ಮ ಮನೆಗಳಲ್ಲಿ ಅಪ್ಪ-ಅಮ್ಮನ ಆಸೆ ಏನು? ಬಿಇ ಮುಗಿಸು, ಕೆಪಿಎಸ್‌ಸಿ ಬರಿ, ತಹಶೀಲ್ದಾರ್ ಆಗು, ಇಲ್ಲಾಂದ್ರೆ ಪಿಡಬ್ಲ್ಯೂಡಿ, ಕೆಪಿಟಿಸಿಎಲ್. ನಮ್ಮಲ್ಲಿ ಕೆಲವರು ಆಗಿಯೂ ಆಗುತ್ತೇವೆ. ಆಗ ಯಾವುದೋ ಒಂದು ಹಳ್ಳಿಗೆ, ಜೀಪಿನಲ್ಲಿ, ಕೈಯಲ್ಲಿ ಒಂದು ಆರ್ಡರ್ ಹಿಡಿದು ಹೋಗಬೇಕಾಗುತ್ತದೆ. ಅಣೆಕಟ್ಟಿಗೆ ಜಾಗ ಬಿಡಿ ಅಂತಲೋ, ಟವರ್ ಲೈನ್ ಹಾಯುತ್ತೆ ತೋಟ ಕಡಿಯಿರಿ ಅಂತಲೋ. ಹಳ್ಳಿಯವರು ದಾರಿಗೆ ಅಡ್ಡ ನಿಂತಿರುತ್ತಾರೆ. ಜೀಪಿನಿಂದ ಇಳಿಯುವ ಮೊದಲು ಆ ಕಾಗದವನ್ನು ನಾವು ಪೂರ್ತಿ ಓದಿರುತ್ತೇವಾ?