ರೆಪ್ಪೆಯ ಸಾಕ್ಷಿ

ಮಿದುಳು–ಗಣಕ ಸಂಪರ್ಕ ಸಾಧನಗಳ ಸಂಶೋಧನೆಗೆ ಕೈಹಾಕಿದ ಮೊದಲ ವರ್ಷ ನನಗೊಂದು ಮರೆಯಲಾಗದ ಪಾಠವಾಯಿತು. ಕೈಕಾಲು ಸೋತು, ಮಾತೂ ನಿಂತುಹೋದ ರೋಗಿಯು ಕೇವಲ ಗಮನದ ಬಲದಿಂದ ‘ಹೌದು’ ಅಥವಾ ‘ಇಲ್ಲ’ ಎಂದು ತಿಳಿಸುವಂತಾಗಬೇಕೆಂಬುದು ನಮ್ಮ ಗುರಿ. ಪರದೆಯ ಮೇಲೆ ಆ ಎರಡು ಪದಗಳು ಸರದಿಯಂತೆ ಮಿನುಗುವುವು. ಬೇಕಾದುದು ಮಿನುಗಿದಾಗ ಮನಸ್ಸಿನಲ್ಲೇ ಎಣಿಸಬೇಕು. ಪ್ರಯೋಗಕ್ಕೆ ನನ್ನ ತಲೆಯನ್ನೇ ಒಡ್ಡಿದೆ. ಹತ್ತಕ್ಕೆ ಒಂಬತ್ತು ಸರಿಯುತ್ತರಗಳು ಬಂದಾಗ ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

ಮರುದಿನ ಹಿರಿಯರೊಬ್ಬರು ದಾಖಲೆಯನ್ನು ನೋಡಿ, “ಇಲ್ಲಿ ಮಾತಾಡಿರುವುದು ನಿಮ್ಮ ಮಿದುಳಲ್ಲ, ರೆಪ್ಪೆ” ಎಂದರು. ಬೇಕಾದ ಪದ ಮಿನುಗಿದಾಗಲೆಲ್ಲ ನಾನು ಅರಿವಿಲ್ಲದೆಯೇ ಕಣ್ಣು ಮಿಟುಕಿಸಿದ್ದೆ!

ನೆತ್ತಿಯ ಮೇಲೆ ದೊರೆಯುವ ಮಿದುಳಿನ ವಿದ್ಯುತ್ತು ಕೆಲವು ಹತ್ತು ಮೈಕ್ರೋವೋಲ್ಟುಗಳಷ್ಟು ಮಾತ್ರ. ಒಂದು ಮಿಟುಕು ನೂರನ್ನೂ ಮೀರಬಲ್ಲುದು. 1924ರಲ್ಲಿ ಜರ್ಮನಿಯ ಯೇನಾದಲ್ಲಿ ಮಾನವ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದ ಹಾನ್ಸ್ ಬರ್ಗರ್, ಅವು ಮಿದುಳಿನವೇ ಹೌದೇ ಎಂದು ವರ್ಷಗಟ್ಟಲೆ ಪರೀಕ್ಷಿಸಿ, 1929ರಲ್ಲಷ್ಟೇ ಪ್ರಕಟಿಸಿದರು. ಆ ತಾಳ್ಮೆ ನನ್ನಲ್ಲಿರಲಿಲ್ಲ.

ಗದ್ದಲಗಳೆಲ್ಲ ಒಂದೇ ಬಗೆಯವಲ್ಲ. ಗೋಡೆಯ ತಂತಿಗಳಿಂದ ನುಸುಳುವ 50 ಹರ್ಟ್ಸಿನ ಕಂಪನವನ್ನು ಶೋಧಕದಿಂದ ಸೋಸಬಹುದು. ಎಣಿಸಿದ ಪದ ಮಿನುಗಿ ಸುಮಾರು 300 ಮಿಲಿಸೆಕೆಂಡುಗಳ ಮೇಲೆ ಏಳುವ ಅಲೆಯನ್ನು, 1988ರಲ್ಲಿ ಫಾರ್ವೆಲ್ ಮತ್ತು ಡಾಂಚಿನ್ ಅಕ್ಷರ ಆಯುವುದಕ್ಕೆ ಬಳಸಿ ತೋರಿಸಿದರು. ಅಲೆ ಕ್ಷೀಣವಾದುದರಿಂದ ಹಲವು ಮಿನುಗುಗಳ ಸರಾಸರಿ ತೆಗೆಯಬೇಕು: ಹದಿನಾರು ಸಲ ಕೂಡಿಸಿದರೆ ಗೊತ್ತುಗುರಿಯಿಲ್ಲದ ಗದ್ದಲ ಕಾಲುಭಾಗಕ್ಕಿಳಿಯುತ್ತದೆ. ಆದರೆ ಪದದೊಡನೆ ತಪ್ಪದೆ ಬರುವ ಮಿಟುಕನ್ನು ಸರಾಸರಿ ಅಳಿಸದು. ಅಲೆಯ ಜೊತೆಗೆ ಅದನ್ನೂ ಉಳಿಸಿಕೊಡುತ್ತದೆ. ಅದಕ್ಕಾಗಿ ಕಣ್ಣಿನ ಬಳಿ ಬೇರೆ ವಿದ್ಯುದಗ್ರಗಳನ್ನಿಟ್ಟು, ರೆಪ್ಪೆಯ ಪಾಲನ್ನು ಅಳೆದು ಕಳೆಯಬೇಕು.

ಹಾಗೆ ಕಳೆದು ನೋಡಿದಾಗ ಹತ್ತಕ್ಕೆ ಆರೇ ಉಳಿದವು. ನಾಣ್ಯ ಚಿಮ್ಮಿದರೂ ಐದು ಸರಿಯಾಗುತ್ತವೆ!

ಒಂಬತ್ತನ್ನೇ ಬರೆದಿದ್ದರೆ? ರೆಪ್ಪೆಯನ್ನೂ ಆಡಿಸಲಾರದ ರೋಗಿಯ ಮುಂದೆ ಆ ಯಂತ್ರ ಸೋಲುತ್ತಿತ್ತು. ಸೋತದ್ದಷ್ಟೇ ಅಲ್ಲ, ಅವನ ‘ಬೇಡ’ವನ್ನು ‘ಬೇಕು’ ಎಂದು ಮನೆಯವರಿಗೆ ಹೇಳುತ್ತಿತ್ತು; ತಿದ್ದಲು ಅವನಿಗೆ ಬಾಯಿಲ್ಲ. ಆದುದರಿಂದ ಸಂದೇಹವಿದ್ದಾಗ ಉತ್ತರಿಸದೆ ಮತ್ತೊಮ್ಮೆ ಕೇಳುವಂತೆ ನಮ್ಮ ಯಂತ್ರವನ್ನು ತಿದ್ದಿದೆವು. ಅದು ನಿಧಾನವಾಯಿತು, ನಂಬಿಕೆಗೆ ಹತ್ತಿರವಾಯಿತು.

ಈ ಶಾಲೆಯ ಪ್ರಯೋಗಶಾಲೆಯಲ್ಲಿ, ಪುಸ್ತಕದ ಉತ್ತರಕ್ಕೆ ಹೊಂದುವಂತೆ ನಾನು ತಿದ್ದಿದ್ದ ಅಳತೆಯನ್ನು ಗುರುಗಳು ಹೊಡೆದುಹಾಕಿ, “ಕಂಡದ್ದನ್ನು ಬರೆ” ಎಂದಿದ್ದರು. ಆ ಮಾತಿನ ಅರ್ಥವಾಗಲು ನನಗೆ ಇಷ್ಟು ಕಾಲ ಬೇಕಾಯಿತು.