ಮತವಿಲ್ಲದವರ ಕಾತರ

೨೦೨೪ರ ನವೆಂಬರ್ ೬ರ ಮುಂಜಾನೆಯಿಂದಲೇ ನಾನು ದೂರದರ್ಶನದ ಮುಂದೆ ಕುಳಿತಿದ್ದೆ. ಅಮೆರಿಕದ ಅಧ್ಯಕ್ಷ ಚುನಾವಣೆಯ ಮತ ಎಣಿಕೆ ನಡೆದಿತ್ತು. ಹತ್ತು ವರ್ಷಗಳಿಂದ ಅಲ್ಲಿ ದುಡಿದು ತೆರಿಗೆ ಕಟ್ಟುತ್ತಿರುವ ನಮ್ಮ ಮಗನಿಗೆ ಅಲ್ಲಿ ಮತವಿಲ್ಲ. ಆದರೆ ಅವನ ವೀಸಾದ ಚಿಂತೆಯೆಲ್ಲ ಆ ಎಣಿಕೆಗೇ ಅಂಟಿಕೊಂಡಿತ್ತು.

೨೦೦೮ರಲ್ಲಿ ಬರಾಕ್ ಒಬಾಮಾ ಗೆದ್ದಾಗ ಅವರ ತಂದೆಯ ನಾಡಾದ ಕೀನ್ಯಾ ದೇಶವು ನವೆಂಬರ್ ೬ರಂದು ಸಾರ್ವಜನಿಕ ರಜೆಯನ್ನೇ ಘೋಷಿಸಿತ್ತು. ಇವರಿಗೇಕೆ ಊರ ಉಸಾಬರಿ ಎಂದು ಅಂದು ನಾನು ನಕ್ಕಿದ್ದೆ. ಈ ಸಲ ತಮಿಳುನಾಡಿನ ತುಳಸೇಂದ್ರಪುರದ ಜನರು, ತಮ್ಮೂರಿನ ಮೂಲದವರಾದ ಪಿ. ವಿ. ಗೋಪಾಲನ್ ಅವರ ಮೊಮ್ಮಗಳು ಕಮಲಾ ಹ್ಯಾರಿಸ್ ಗೆಲ್ಲಲೆಂದು ದೇವಾಲಯದಲ್ಲಿ ಪೂಜೆ ಸಲ್ಲಿಸಿದ್ದರು. ಅದನ್ನು ಓದಿದಾಗ ನಗು ಬರಲಿಲ್ಲ. ಕರುಳ ನಂಟಿಗೆ ಗಡಿಯೆಲ್ಲಿಯದು?

ಸಂಜೆಯ ಹೊತ್ತಿಗೆ ಡೊನಾಲ್ಡ್ ಟ್ರಂಪ್ ಅವರ ಗೆಲುವು ಖಚಿತವಾಯಿತು. ಮಗನಿಗೆ ಫೋನ್ ಮಾಡಿದೆ. "ಅಪ್ಪಾಜಿ, ಯಾರು ಗೆದ್ದರೂ ನಾನೀಗ ಕೆಲಸಕ್ಕೆ ಹೊರಡಬೇಕು" ಎಂದನು.

ಪಕ್ಕದಲ್ಲಿದ್ದ ನನ್ನ ಪತ್ನಿ ಮೆಲ್ಲನೆ ನುಡಿದಳು: "ಮತವಿಲ್ಲದ ಚುನಾವಣೆಗೆ ದಿನವಿಡೀ ಕಾದಿರಿ. ಮತವಿದ್ದ ಲೋಕಸಭಾ ಚುನಾವಣೆಗೆ ಬಿಸಿಲೆಂದು ಮನೆಯಲ್ಲೇ ಉಳಿದಿರಿ."

ನಾನು ತಲೆತಗ್ಗಿಸಿದೆ. ಕೈಯಲ್ಲಿರುವ ಮತದ ಬೆಲೆಯನ್ನು, ಮತವಿಲ್ಲದ ಮಗನ ನೆಪದಲ್ಲಿ ನಾನು ಕಲಿಯಬೇಕಾಯಿತು.